ಕುಣಿಗಲ್ ಕೆರೆ ಯಾರಿಗೆ ಮೂಡಲು?

ಪಿ. ಕಾಳಿಂಗರಾಯರು ಹಾಡಿದ ಜನಪದ ಗೀತೆಗಳಲ್ಲಿ ‘ಮೂಡಲ ಕುಣಿಗಲ್ ಕೆರೆ’ಯಷ್ಟು ಮನೆಮಾತಾದದ್ದು ಇನ್ನೊಂದಿಲ್ಲವೆಂದರೆ ಹೆಚ್ಚಿನ ಮಾತಾಗದು. ಶಾಲೆಯ ವಾರ್ಷಿಕೋತ್ಸವದಿಂದ ಹಿಡಿದು ರಾಜ್ಯೋತ್ಸವದ ವೇದಿಕೆಯವರೆಗೆ ಎಲ್ಲ ಕಡೆ ಅದನ್ನು ಹಾಡುತ್ತಾರೆ, ಹಾಡುವವರೆಲ್ಲ ಬಹುಮಟ್ಟಿಗೆ ಕಾಳಿಂಗರಾಯರ ಧಾಟಿಯನ್ನೇ ಹಿಡಿಯುತ್ತಾರೆ. ಕೆರೆಯ ಸೊಬಗು, ಅದರ ಮೇಲೆ ಮೂಡುವ ಚಂದ್ರ, ಇವುಗಳ ಬಗ್ಗೆ ಬರೆದವರಿದ್ದಾರೆ. ಹಾಡಿನ ಮೊದಲ ಪದವನ್ನು ಮಾತ್ರ ಎಲ್ಲರೂ ದಾಟಿಕೊಂಡು ಹೋಗುತ್ತಾರೆ. ಈ ಟಿಪ್ಪಣಿ ಆ ಒಂದು ಪದದ ಬಗ್ಗೆ.

ಮೂಡಲು ಎಂದರೆ ಪೂರ್ವ. ಸರಿ, ಯಾರಿಗೆ ಪೂರ್ವ? ದಿಕ್ಕು ಊರಿನ ಗುಣವಲ್ಲ. ಕುಣಿಗಲ್ ತನ್ನಷ್ಟಕ್ಕೆ ತಾನು ಮೂಡಲೂ ಅಲ್ಲ, ಪಡುವಲೂ ಅಲ್ಲ. ಯಾರೋ ಒಬ್ಬರು ಎಲ್ಲೋ ನಿಂತು ಕೈ ತೋರಿಸಿದಾಗ ಅದು ಮೂಡಲಾಗುತ್ತದೆ. ಹಾಗಾದರೆ ಈ ಹಾಡಿನ ಮೊದಲ ಪದದಲ್ಲಿ ಹಾಡು ಕಟ್ಟಿದವರ ವಿಳಾಸವೇ ಇದೆಯೇ?

ಊರ ಹೆಸರಿನಲ್ಲಿ ಹೆಸರಿಟ್ಟವರ ನೆಲೆ ಉಳಿದುಬಿಡುವುದು ಈ ಸೀಮೆಗೆ ಹೊಸದಲ್ಲ. ಶ್ರೀರಂಗಪಟ್ಟಣವನ್ನು ಮೈಸೂರು ಅರಸರ ಬಿರುದಾವಳಿಗಳಲ್ಲಿ ‘ಪಶ್ಚಿಮರಂಗ’ ಎಂದು ಕರೆದಿದೆ. ತಮಿಳುನಾಡಿನ ಶ್ರೀರಂಗವನ್ನು ನಡುವಿಟ್ಟುಕೊಂಡು ನೋಡಿದರೆ ಮಾತ್ರ ಇದು ಪಶ್ಚಿಮ. ಕಾವೇರಿಯ ಹರಿವನ್ನು ಅನುಸರಿಸುವವರಿಗೆ ಅದೇ ಊರು ‘ಆದಿರಂಗ’: ಇಲ್ಲಿ ಆದಿ, ಶಿವನಸಮುದ್ರದಲ್ಲಿ ಮಧ್ಯ, ಶ್ರೀರಂಗದಲ್ಲಿ ಅಂತ್ಯ. ದೇವಸ್ಥಾನದ ಬೀದಿಯಲ್ಲಿ ಹೂ ಕಟ್ಟುವವರಿಗೆ ಅವನು ಆದಿಯೂ ಅಲ್ಲ, ಪಶ್ಚಿಮವೂ ಅಲ್ಲ, ಬರೀ ರಂಗನಾಥ. ಪಾಂಡವಪುರದ್ದೂ ಇದೇ ಕಥೆ. ಊರವರಿಗೆ ಅದು ಹಿರೋಡೆಯಾಗಿತ್ತು. ಹೈದರ್–ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟ ಬಂಡೆಗಳನ್ನು ಕಂಡ ಇಂಗ್ಲಿಷರು ಫ್ರೆಂಚ್ ರಾಕ್ಸ್ ಎಂದರು. ಅದೇ ತಾಲ್ಲೂಕಿನ ತೊಣ್ಣೂರು ಕೆರೆಗೆ ಹೈದರಾಬಾದಿನ ನಾಸಿರ್ ಜಂಗ್ ‘ಮೋತಿ ತಲಾಬ್’ ಎಂದು ಹೆಸರಿಟ್ಟನಂತೆ. ನೀರು ಮುತ್ತಿನಂತೆ ಕಂಡದ್ದು ಹೊರಗಿನಿಂದ ಬಂದವನಿಗೆ.

ಕುಣಿಗಲ್ಲಿಗೆ ಬರೋಣ. ಅಲ್ಲಿಯವರೇ ಕಟ್ಟಿದ ಪದ ಇದಾಗಿದ್ದರೆ ‘ಕುಣಿಗಲ್ ಕೆರೆ’ ಎಂಬ ಮಾತು ಬರುವುದು ಕಷ್ಟ. ತಮ್ಮೂರ ಕೆರೆಯನ್ನು ಯಾರೂ ಊರ ಹೆಸರು ಹಚ್ಚಿ ಕರೆಯುವುದಿಲ್ಲ. ದೊಡ್ಡಕೆರೆ ಅನ್ನುತ್ತಾರೆ, ಇಲ್ಲವೇ ಸುಮ್ಮನೆ ಕೆರೆ. ‘ಕೆರೆತಾವ್ಕೆ ಹೋಗಿದ್ದೆ’ ಎಂದರೆ ಮುಗಿಯಿತು. ಊರಿನಲ್ಲೇ ಎರಡು ಕೆರೆಗಳಿದ್ದು, ಅವುಗಳಲ್ಲಿ ಪೂರ್ವದ್ದು ಮೂಡಲ ಕೆರೆ ಎಂದೂ ವಾದಿಸಬಹುದು, ಅಂಥ ಹೆಸರಿನ ಕೆರೆಗಳು ನಮ್ಮ ಕಡೆ ಬೇಕಾದಷ್ಟಿವೆ. ಆದರೆ ಆಗ ಪದಗಳ ಸಾಲು ‘ಕುಣಿಗಲ್ ಮೂಡಲ ಕೆರೆ’ ಎಂದಿರಬೇಕಿತ್ತು. ಹಾಡಿನಲ್ಲಿ ‘ಮೂಡಲ’ ಎಂಬುದು ಕೆರೆಗೆ ಅಂಟಿಲ್ಲ, ಕುಣಿಗಲ್ಲಿಗೆ ಅಂಟಿದೆ. ಮೂಡಲ ಸೀಮೆಯ ಕುಣಿಗಲ್ಲು, ಅದರ ಕೆರೆ. ಇದು ಹೊರಗಿನವರ ಮಾತು.

ಹೊರಗಿನವರು ಎಂದರೆ ಎಲ್ಲಿಯವರು? ಇಲ್ಲಿ ನಕಾಶೆ ನೆರವಿಗೆ ಬರುತ್ತದೆ. ತುಮಕೂರಿನವರಿಗೆ ಕುಣಿಗಲ್ ತೆಂಕಲು. ಮಾಗಡಿಯವರಿಗೆ, ಬೆಂಗಳೂರಿನವರಿಗೆ ಪಡುವಲು. ಶ್ರೀರಂಗಪಟ್ಟಣ ಮತ್ತು ಪಾಂಡವಪುರಗಳಲ್ಲಿ ನಿಂತರೆ ಅದು ಸ್ವಲ್ಪ ಮೂಡಲಿಗೆ ವಾಲಿದ ಬಡಗಲು. ಅಲ್ಲಿಯವರು ಮೂಡಲು ಎನ್ನಲಾರರು. ನಾಗಮಂಗಲ, ಕೆ.ಆರ್. ಪೇಟೆಗಳಿಗೆ ಬಂದಾಗ ಚಿತ್ರ ಬದಲಾಗುತ್ತದೆ. ಪಂಚಾಂಗದ ಲೆಕ್ಕದಲ್ಲಿ ಈಶಾನ್ಯವೆನ್ನಬೇಕು ನಿಜ. ಆದರೆ ಹೊಲದ ಚೆಕ್ಕುಬಂದಿ ಹೇಳುವವರಿಗೆ ದಿಕ್ಕು ನಾಲ್ಕೇ: ಮೂಡ್ಲು, ಪಡುವ್ಲು, ಬಡಗ್ಲು, ತೆಂಕ್ಲು. ಆ ನಾಲ್ಕರಲ್ಲಿ ಒಂದನ್ನು ಆರಿಸಬೇಕಾದರೆ ಇಲ್ಲಿಯವರು ಆರಿಸುವುದು ಮೂಡ್ಲನ್ನೇ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿಗೆ ಬಂದರಂತೂ ಅನುಮಾನವೇ ಉಳಿಯುವುದಿಲ್ಲ. ಅಲ್ಲಿಂದ ಕುಣಿಗಲ್ ಹೆಚ್ಚೂಕಡಿಮೆ ನೇರ ಮೂಡಲಿಗೆ. ಮೈಸೂರಿನ ಕಡೆಯಿಂದ ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ ಹಾದು ಬರುವ ರಸ್ತೆ ಬೆಳ್ಳೂರು ಕ್ರಾಸಿನಲ್ಲಿ ಹಾಸನದ ಹೆದ್ದಾರಿಯನ್ನು ಕೂಡುತ್ತದೆ. ಅಲ್ಲಿ ಬಲಕ್ಕೆ ತಿರುಗಿ ಎಡೆಯೂರು ಸಿದ್ಧಲಿಂಗೇಶ್ವರನಿಗೆ ಕೈಮುಗಿದು ಮುಂದೆ ಹೋದರೆ ಕುಣಿಗಲ್. ಗಾಡಿ ಕಟ್ಟಿಕೊಂಡು ಬೆಂಗಳೂರಿನ ದಿಕ್ಕು ಹಿಡಿದವರಿಗೆ ಇದು ದಾರಿಯಲ್ಲಿ ಸಿಗುವ ದೊಡ್ಡ ನೀರು. ತುರುವೇಕೆರೆ, ಚನ್ನರಾಯಪಟ್ಟಣಗಳಿಗೂ ಕುಣಿಗಲ್ ಮೂಡಲೇ ಆದ್ದರಿಂದ ಹಾಡು ನಾಗಮಂಗಲದ್ದೇ ಎಂದು ಪಟ್ಟುಹಿಡಿಯಲು ನಾನು ತಯಾರಿಲ್ಲ. ಕುಣಿಗಲ್ಲಿನ ಪಡುವಲ ಪಟ್ಟಿ ಎನ್ನುವಷ್ಟಕ್ಕೆ ನಿಲ್ಲುತ್ತೇನೆ.

ಈ ವಾದಕ್ಕೆ ಬರಬಹುದಾದ ಗಟ್ಟಿ ಆಕ್ಷೇಪ ಪ್ರಾಸದ್ದು. ‘ಮೂಡಲ’, ‘ನೋಡೋರಿಗೆ’, ‘ಮೂಡಿ’ ಹಾಡಿನ ಈ ಪದಗಳಲ್ಲೆಲ್ಲ ಎರಡನೆಯ ಅಕ್ಷರ ಡಕಾರ. ಪ್ರಾಸಕ್ಕಾಗಿ ಬಂದ ಪದಕ್ಕೆ ಭೂಗೋಳ ಕಟ್ಟಬೇಡಿ ಎಂದರೆ ಉತ್ತರ ಹೇಳಬೇಕಾಗುತ್ತದೆ. ಪಡುವಲ, ಬಡಗಲ ಎಂಬಲ್ಲೂ ಎರಡನೆಯ ಅಕ್ಷರ ಡಕಾರವೇ. ‘ಕುಣಿಗಲ್’ ಜೊತೆ ಹೊಂದುವ ಕೊನೆಯ ಲ್‌ಕಾರವಾದರೋ ನಾಲ್ಕೂ ದಿಕ್ಕುಗಳಿಗಿದೆ: ಮೂಡಲ್, ಪಡುವಲ್, ಬಡಗಲ್, ತೆಂಕಲ್. ಉಳಿಯುವುದು ಮೊದಲ ಅಕ್ಷರದ ದೀರ್ಘ ಒಂದೇ. ‘ನೋ’ ದೀರ್ಘವಾದ್ದರಿಂದ ಅದಕ್ಕೆ ‘ಮೂ’ ಸರಿಯಾಗಿ ಕೂಡುತ್ತದೆ, ‘ಪ’ ಕೂಡುವುದಿಲ್ಲ. ಹಳಗನ್ನಡ ಛಂದಸ್ಸು ಈ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿತು, ಆದರೆ ಕೋಲಾಟದ ಪದ ಹೇಳುವವರು ನಾಗವರ್ಮನನ್ನು ಕೇಳಿ ಹಾಡುವುದಿಲ್ಲ. ಹ್ರಸ್ವವಿದ್ದ ಕಡೆ ಎಳೆದು, ದೀರ್ಘವಿದ್ದ ಕಡೆ ನುಂಗಿ ಹೆಜ್ಜೆಗೆ ಹೊಂದಿಸಿಬಿಡುತ್ತಾರೆ. ಆದ್ದರಿಂದ ಪ್ರಾಸ ಈ ಪದವನ್ನು ಅಲ್ಲಾಡದಂತೆ ಹಿಡಿದಿಟ್ಟಿತು ಎಂದು ಒಪ್ಪುತ್ತೇನೆ. ಪ್ರಾಸವೇ ಅದನ್ನು ತಂದಿತು ಎಂದು ಒಪ್ಪಲಾರೆ.

ಇನ್ನೊಂದು ಓದು: ಮೂಡಲು ಎಂದರೆ ಇಲ್ಲಿ ಊರ ದಿಕ್ಕಲ್ಲ, ಚಂದ್ರ ಮೂಡುವ ದಿಕ್ಕು. ಇರಲಿ. ನೀರಿನಾಚೆ ಚಂದ್ರ ಮೂಡುವುದನ್ನು ನೋಡಬೇಕಾದರೆ ಕೆರೆಯ ಯಾವ ದಂಡೆಯಲ್ಲಿ ನಿಲ್ಲಬೇಕು? ಪಡುವಲ ದಂಡೆಯಲ್ಲೇ. ಹೇಗೆ ಓದಿದರೂ ನೋಡುವವರ ಬೆನ್ನು ಪಡುವಲಿಗಿದೆ.

ಈ ಪದ ಇಷ್ಟು ಗಟ್ಟಿಯಾಗಿ ನಮ್ಮವರೆಗೆ ಬಂದದ್ದಕ್ಕೆ ಕಾಳಿಂಗರಾಯರ ಹಾಡಿಕೆಯೇ ಕಾರಣ. ಹೊರಗೆ ಕೋಲಾಟದಲ್ಲೋ, ಒಳಗೆ ರಾಗಿಕಲ್ಲಿನ ಮುಂದೆಯೋ ಹೇಳುವ ಪದಕ್ಕೆ ನಿಶ್ಚಿತ ಉದ್ದವಿಲ್ಲ. ಒಬ್ಬರು ನುಡಿ ಹೇಳುತ್ತಾರೆ, ಉಳಿದವರು ಸೊಲ್ಲು ಎತ್ತುತ್ತಾರೆ, ಉಸಿರಿರುವಷ್ಟು ಹೊತ್ತು ನಡೆಯುತ್ತದೆ. ಊರಿಂದೂರಿಗೆ ಮೊದಲ ನುಡಿಯೇ ಬದಲಾಗುವುದುಂಟು. ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ಹಾಡಿಗೆ ಸಿಗುತ್ತಿದ್ದುದು ಒಂದು ಬದಿಗೆ ಮೂರು ನಿಮಿಷದ ಆಸುಪಾಸು. ಅಷ್ಟರಲ್ಲಿ ಹಿಡಿಸುವ ನುಡಿಗಳನ್ನು ಆಯ್ದು, ಆರಂಭ–ಮುಕ್ತಾಯ ಗೊತ್ತುಮಾಡಿ ಹಾಡುವ ಪದ್ಧತಿ ಬಂತು. ರೇಡಿಯೋ ಅದನ್ನು ಹಬ್ಬಿಸಿತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆರಂಭಿಸಿದ ಆಕಾಶವಾಣಿ, 1955ರಲ್ಲಿ ಬಂದ ಬೆಂಗಳೂರು ಕೇಂದ್ರ ಇವುಗಳ ಕಾಲದಲ್ಲಿ ಹಾಡು ಹಳ್ಳಿಯಿಂದ ಪೇಟೆಗೆ ಬಂದಷ್ಟೇ ಸಲೀಸಾಗಿ ಪೇಟೆಯಿಂದ ಹಳ್ಳಿಗೂ ಮರಳಿತು. ಕ್ಷೇತ್ರಕಾರ್ಯ ಮಾಡುವವರಿಗೆ ಇದು ದೊಡ್ಡ ತೊಡಕು. ಇವತ್ತು ನಾಗಮಂಗಲದ ಅಜ್ಜಿಯೊಬ್ಬರು ‘ನಮ್ಮವ್ವ ಹೇಳ್ತಿದ್ ಪದ’ ಎಂದು ಹಾಡಿದರೂ ಅದರಲ್ಲಿ ಅವ್ವನ ಪಾಲೆಷ್ಟು, ರೇಡಿಯೋದ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ.

ಈ ಸೀಮೆಯಲ್ಲಿ ಸಂಗ್ರಾಹಕರಿಗೆ ಕೊರತೆಯಿರಲಿಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಬಂಡಿಹೊಳೆಯ ಅರ್ಚಕ ಬಿ. ರಂಗಸ್ವಾಮಿಯವರ ‘ಹುಟ್ಟಿದ ಹಳ್ಳಿ ಹಳ್ಳಿಯ ಹಾಡು’ 1933ರಷ್ಟು ಹಿಂದಿನದು. ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯಿಂದ ಬಂದ ಜೀ.ಶಂ. ಪರಮಶಿವಯ್ಯನವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದ ಅಧ್ಯಯನಕ್ಕೆ ಬುನಾದಿ ಹಾಕಿದರು. ಅದೇ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಜೀ.ಶಂ.ಪ. ಬೆಳಕಿಗೆ ತಂದ ಬಯಲಾಟದ ಪ್ರಕಾರದ ಹೆಸರೂ ‘ಮೂಡಲಪಾಯ’. ಪಡುವಣ ಕರಾವಳಿಯ ಯಕ್ಷಗಾನದ ಎದುರಿಗಿಟ್ಟು ನೋಡಿದಾಗ ಮಾತ್ರ ಅದು ಮೂಡಲು. ದಿಕ್ಕಿನ ಪದ ಎಲ್ಲಿ ಬಂದರೂ ಅದರ ಹಿಂದೆ ಇನ್ನೊಂದು ತೀರ ಇದ್ದೇ ಇರುತ್ತದೆ.

ಕಾಳಿಂಗರಾಯರು ಬಂದದ್ದು ಆ ಇನ್ನೊಂದು ತೀರದಿಂದ. ಹುಟ್ಟಿದ್ದು 1914ರಲ್ಲಿ, ಈಗಿನ ಉಡುಪಿ ಜಿಲ್ಲೆಯ ಆರೂರಿನಲ್ಲಿ. ನಾಟಕ ಮಂಡಳಿಯಲ್ಲಿ ಬೆಳೆದು, ಶಾಸ್ತ್ರೀಯ ಸಂಗೀತ ಕಲಿತು, ಸಿನಿಮಾಕ್ಕೆ ಸಂಗೀತ ಕೊಟ್ಟು, ಕೊನೆಗೆ ಬೆಂಗಳೂರಿನವರಾದರು. 1981ರಲ್ಲಿ ತೀರಿಕೊಂಡರು. ಕರಾವಳಿಯವರ ಊರುಗಳಲ್ಲಿ ಇದೇ ದಿಕ್ಕು ‘ಮೂಡು’, ಅದರ ಎದುರು ‘ಪಡು’ — ಮೂಡುಬಿದಿರೆ, ಪಡುಬಿದ್ರಿಗಳನ್ನು ನೆನೆಯಬಹುದು. ಹಾಡಿನ ‘ಮೂಡಲ್’, ವಕಾರ ಕಳೆದುಕೊಂಡ ‘ಐಭೋಗ’, ಇವೆಲ್ಲ ಹಳೇ ಮೈಸೂರಿನ ನಾಲಗೆಯವು. ಅವರು ಅವನ್ನು ಶಿಷ್ಟಗೊಳಿಸಲೂ ಇಲ್ಲ, ತಮ್ಮ ಊರಿನ ಕನ್ನಡಕ್ಕೆ ತಿರುಗಿಸಿಕೊಳ್ಳಲೂ ಇಲ್ಲ. ರಾಜರತ್ನಂ ಅವರ ರತ್ನನ ಪದಗಳನ್ನು ಹಾಡುವಾಗಲೂ ಅವರದ್ದು ಇದೇ ನಿಷ್ಠೆ. ಶಾಸ್ತ್ರೀಯ ಕಂಠದವರು ಜನಪದ ಹಾಡಿದಾಗ ವ್ಯಾಕರಣ ತಿದ್ದುವ ಚಾಳಿಯೊಂದುಂಟು, ಅದು ಇವರಿಗೆ ಅಂಟಲಿಲ್ಲ.

ಈ ನಿಷ್ಠೆಯೇ ನನ್ನ ವಾದದ ಕೊನೆಯ ಸಾಕ್ಷಿ. ಬೆಂಗಳೂರಿನಿಂದ ಕುಣಿಗಲ್ 70 ಕಿಲೋಮೀಟರಿನಷ್ಟು ದೂರ, ಹೆಚ್ಚೂಕಡಿಮೆ ನೇರ ಪಡುವಲಿಗೆ. ಬೆಂಗಳೂರಿನ ಗಾಯಕರೊಬ್ಬರು ಬೆಂಗಳೂರಿನ ಕೇಳುಗರಿಗಾಗಿ ಹೊಸದಾಗಿ ಹೊಸೆದ ಸಾಲಾಗಿದ್ದರೆ ಅವರ ಬಾಯಿಗೆ ಈ ಪದ ಬರುತ್ತಿರಲಿಲ್ಲ. ಕಾಳಿಂಗರಾಯರು ನಿಂತ ವೇದಿಕೆಗೆ ಕುಣಿಗಲ್ ಸೂರ್ಯ ಮುಳುಗುವ ಕಡೆ ಇತ್ತು. ಅವರು ಮೂಡಲ ಎಂದೇ ಹಾಡಿದರು.