ಮಡಕೆಯಿಂದ ಡಿಕ್ಕಿಯವರೆಗೆ - ಒಂದು ಡಬ್ಬದ ಚರಿತ್ರೆ

ಕಾರಿನ ಡಿಕ್ಕಿಗೆ ಸಬ್‌ವೂಫರ್ ಹಾಕಿಸೋರು ಸಾಮಾನ್ಯವಾಗಿ ಕೇಳೋದು ಎರಡೇ ಪ್ರಶ್ನೆ. ಎಷ್ಟು ಇಂಚು? ಎಷ್ಟು ವ್ಯಾಟ್? ಡಬ್ಬ ಎಷ್ಟು ಲೀಟರ್ ಅಂತ ಕೇಳೋರು ತೀರಾ ಕಡಿಮೆ. ಮರದ ಡಬ್ಬಕ್ಕೆ ಲೀಟರ್ ಲೆಕ್ಕವಾ, ಅದರಲ್ಲೇನು ಹಾಲು ತುಂಬ್ತಾರಾ ಅಂತ ನಗಬೇಡಿ :) ಆ ಲೀಟರ್ ಲೆಕ್ಕ ಸಿಗೋಕೆ ದೊಡ್ಡ ದೊಡ್ಡ ಎಂಜಿನಿಯರುಗಳಿಗೇ ಮೂವತ್ತೈದು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ಕಥೆ ಹೇಳೋಣ ಅಂತ ಈ ಬರಹ.

ಮೊದಲು ನಮ್ಮ ಕಡೆಯಿಂದಲೇ ಶುರು ಮಾಡ್ತೀನಿ. ನಮ್ಮೂರು ಕಡೂರು ತಾಲ್ಲೂಕಿನ ಸಿಂಗಟಗೆರೆ. ಕ್ಯಾಸೆಟ್ ಕಾಲದಲ್ಲಿ ಹಳ್ಳಿಗಳಲ್ಲಿ ಒಂದು ಉಪಾಯ ಇತ್ತು, ನಿಮ್ಮ ಕಡೆಯೂ ಇದ್ದಿರಬಹುದು. ಬಿಡಿ ಸ್ಪೀಕರ್ ತಂದು ಮಣ್ಣಿನ ಮಡಕೆಯ ಬಾಯಿಗೆ ಕೂರಿಸಿಬಿಡೋದು. ಬರೀ ಸ್ಪೀಕರ್ ಹಿಡಿದಾಗ ಕೀರಲಾಗಿ ಕೇಳುತ್ತಿದ್ದ ಹಾಡು ಮಡಕೆಗೆ ಕೂತ ತಕ್ಷಣ ಗಂಭೀರವಾಗಿಬಿಡುತ್ತಿತ್ತು. ಕೂರಿಸಿದವರಿಗೆ ಭೌತಶಾಸ್ತ್ರ ಗೊತ್ತಿರಲಿಲ್ಲ, ಕಿವಿ ಗೊತ್ತಿತ್ತು.

ಯಾಕೆ ಹಾಗಾಗುತ್ತೆ? ಸ್ಪೀಕರಿನ ಕಾಗದದ ಕೋನ್ ಮುಂದಕ್ಕೆ ತಳ್ಳಿದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತೆ, ಹಿಂದಿನ ಗಾಳಿ ಸಡಿಲವಾಗುತ್ತೆ. ಮುಂದಿನ ಅಲೆ, ಹಿಂದಿನ ಅಲೆ ಒಂದಕ್ಕೊಂದು ಉಲ್ಟಾ. ಎರಡೂ ಸೇರಿದರೆ ಕೂಡಿ ಕಳೆದು ಸೊನ್ನೆ. ಬೇಸ್ ಸ್ವರಗಳ ಅಲೆ ಬಲು ಉದ್ದ, 40 ಹರ್ಟ್ಜ್ ಅಂದರೆ ಸುಮಾರು 8.6 ಮೀಟರ್. ಅಷ್ಟುದ್ದದ ಅಲೆ ಪುಟ್ಟ ಸ್ಪೀಕರನ್ನ ಸುಲಭವಾಗಿ ಬಳಸಿಕೊಂಡು ಹಿಂದಿನಿಂದ ಮುಂದಕ್ಕೆ ಬರುತ್ತೆ, ಹಾಗಾಗಿ ಮೊದಲು ಸಾಯೋದು ಬೇಸೇ. ಹಿಂದಿನ ಅಲೆಯನ್ನ ಎಲ್ಲಾದರೂ ಕೂಡಿಹಾಕಬೇಕು. ಮಡಕೆ ಮಾಡಿದ್ದು ಅದನ್ನೇ.

ಈಗ ನಾವು ನೋಡುವಂಥ ಸ್ಪೀಕರಿನ ವಿನ್ಯಾಸವನ್ನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಪ್ರಕಟಿಸಿದ್ದು 1925ರಲ್ಲಿ. ಇಬ್ಬರೂ ಜನರಲ್ ಎಲೆಕ್ಟ್ರಿಕ್ ಕಂಪನಿಯವರು. ಸ್ಪೀಕರ್ ಬಂತು, ಆದರೆ ಅದನ್ನ ಯಾವುದರಲ್ಲಿ ಕೂರಿಸಬೇಕು ಅನ್ನೋದು ಬಗೆಹರಿಯಲಿಲ್ಲ. ಒಂದು ಅಗಲವಾದ ಹಲಗೆಗೆ ಬಿಗಿದರೆ ಆಯಿತು, ಇಲ್ಲಾಂದ್ರೆ ಹಿಂಭಾಗ ತೆರೆದ ರೇಡಿಯೋ ಪೆಟ್ಟಿಗೆ. 1930ರ ಹೊತ್ತಿಗೆ ಅಮೆರಿಕದಲ್ಲಿ ಮೋಟೊರೋಲಾ ಹೆಸರಿನ ರೇಡಿಯೋ ಕಾರಿಗೂ ಹತ್ತಿತು. ಕಾರಿನಲ್ಲಿ ಹಲಗೆಗೆ ಜಾಗ ಎಲ್ಲಿ?

1932ರಲ್ಲಿ ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಾಸ್‌ಗೆ ಒಂದು ಪೇಟೆಂಟ್ ಸಿಕ್ಕಿತು. ಡಬ್ಬವನ್ನ ಪೂರ್ತಿ ಮುಚ್ಚದೆ ಒಂದು ತೂತು ಬಿಟ್ಟು, ಹಿಂದಿನ ಅಲೆಯನ್ನೇ ತಿರುಗಿಸಿ ಕೆಲಸಕ್ಕೆ ಹಚ್ಚುವ ಉಪಾಯ. ಖಾಲಿ ಬಾಟಲಿಯ ಬಾಯಿಗೆ ಊದಿದರೆ "ಹೂಂ" ಅನ್ನುತ್ತಲ್ಲ, ಅದೇ ಗುಟ್ಟು. ಬಾಟಲಿಯ ಹೊಟ್ಟೆ ಎಷ್ಟು, ಕತ್ತು ಎಷ್ಟು ಉದ್ದ, ಬಾಯಿ ಎಷ್ಟು ಅಗಲ ಅನ್ನೋದರ ಮೇಲೆ ಸ್ವರ ನಿಲ್ಲುತ್ತೆ. ಇದನ್ನ ಲೆಕ್ಕಕ್ಕೆ ತಂದವರು ಜರ್ಮನಿಯ ಹೆಲ್ಮ್‌ಹೋಲ್ಟ್ಜ್. ನಾದದ ಬಗ್ಗೆ ಅವರ ದೊಡ್ಡ ಪುಸ್ತಕ ಬಂದಿದ್ದು 1863ರಲ್ಲಿ.

ಅಂದ ಹಾಗೆ, ಈ ಪುಸ್ತಕಕ್ಕೂ ನಮ್ಮ ಬೆಂಗಳೂರಿಗೂ ಒಂದು ನಂಟಿದೆ. ತಮ್ಮ ಮೇಲೆ ಆಳವಾದ ಪ್ರಭಾವ ಬೀರಿದ ಕೆಲವೇ ಪುಸ್ತಕಗಳಲ್ಲಿ ಇದೂ ಒಂದು ಅಂತ ಸಿ. ವಿ. ರಾಮನ್ ಹೇಳಿಕೊಂಡಿದ್ದರು. ಮೃದಂಗದ ಕರಣೆ ಯಾಕಿದೆ, ಅದರಿಂದ ಬರೀ ಸದ್ದು ಹೇಗೆ ಸ್ವರವಾಗುತ್ತೆ ಅನ್ನೋದನ್ನ ಅವರು 1920ರಲ್ಲೇ ಬರೆದರು. 1933ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದ ಮೇಲೆ, 1934ರಲ್ಲಿ ಮತ್ತೆ ನಮ್ಮ ಚರ್ಮವಾದ್ಯಗಳ ಬಗ್ಗೆ ದೊಡ್ಡ ಲೇಖನ ಪ್ರಕಟಿಸಿದರು. ಮೃದಂಗ ಮಾಡುವವರು ಕರಣೆ ಹಚ್ಚಿ, ಬಡಿದು ನೋಡಿ, ಕೆರೆದು, ಮತ್ತೆ ಹಚ್ಚಿ ಹದ ಕಂಡುಕೊಂಡಿದ್ದರು. ರಾಮನ್ ಅದಕ್ಕೆ ಅಂಕಿ ಕೊಟ್ಟರು. ಅಂಕಿ ಬಂದಿದ್ದರಿಂದ ಕುಶಲಕರ್ಮಿಯ ಕಿವಿ ಸಣ್ಣದಾಗಲಿಲ್ಲ, ಆ ಕಿವಿ ಎಷ್ಟು ಸರಿ ಇತ್ತು ಅನ್ನೋದು ಜಗತ್ತಿಗೆ ಗೊತ್ತಾಯಿತು ಅಷ್ಟೆ.

ಸ್ಪೀಕರ್ ಡಬ್ಬಕ್ಕೆ ಮಾತ್ರ ಅಂಥ ಅಂಕಿ ಇನ್ನೂ ಬಂದಿರಲಿಲ್ಲ. ಒಳ್ಳೆ ಬೇಸ್ ಬೇಕು ಅಂದ್ರೆ ಅಲಮಾರಿನಷ್ಟು ದೊಡ್ಡ ಡಬ್ಬ ಅನ್ನೋದೇ ನಂಬಿಕೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್‌ಚರ್ ಇದನ್ನ ತಿರುಗಿಸಿ ಹಾಕಿದರು. ಸ್ಪೀಕರಿನ ಕೋನನ್ನೇ ಸಡಿಲವಾಗಿ ಮಾಡಿ, ಗಾಳಿಯಾಡದ ಹಾಗೆ ಮುಚ್ಚಿದ ಸಣ್ಣ ಡಬ್ಬದಲ್ಲಿ ಕೂರಿಸಿದರು. ಒಳಗೆ ಸಿಕ್ಕಿಬಿದ್ದ ಗಾಳಿಯೇ ಸ್ಪ್ರಿಂಗು! ಹೆನ್ರಿ ಕ್ಲಾಸ್ ಜೊತೆ ಸೇರಿ ಅಕೌಸ್ಟಿಕ್ ರಿಸರ್ಚ್ ಕಂಪನಿ ಕಟ್ಟಿ, ಎಆರ್-1 ಅನ್ನೋ ಪೆಟ್ಟಿಗೆ ಮಾರಿದರು.

ಆದರೆ ಪುಕ್ಕಟೆ ಏನೂ ಸಿಗಲ್ಲ. ಇದೇ ಬಳಗದ ಆಂಟನ್ ಹಾಫ್‌ಮನ್ ಹೆಸರಲ್ಲಿ ಒಂದು 'ಕಬ್ಬಿಣದ ನಿಯಮ' ಇದೆ. ಸಣ್ಣ ಡಬ್ಬ, ಆಳವಾದ ಬೇಸ್, ಕಡಿಮೆ ವ್ಯಾಟಿಗೆ ಹೆಚ್ಚು ಸದ್ದು - ಮೂರರಲ್ಲಿ ಎರಡು ಕೇಳಿ, ಮೂರನೇದು ಸಿಗಲ್ಲ. 40 ಹರ್ಟ್ಜ್‌ವರೆಗೆ ಇಳಿಯುವ ಡಬ್ಬವನ್ನ ಅದೇ ವ್ಯಾಟಿನಲ್ಲಿ, ಅಷ್ಟೇ ಸದ್ದಿನೊಂದಿಗೆ 20ಕ್ಕೆ ಇಳಿಸಬೇಕಾದರೆ ಡಬ್ಬ ಎಂಟು ಪಟ್ಟು ದೊಡ್ಡದಾಗಬೇಕು!

ಕೊನೆಗೆ ಲೆಕ್ಕ ಪಕ್ಕಾ ಆಗಿದ್ದು ಆಸ್ಟ್ರೇಲಿಯಾದಲ್ಲಿ. 1961ರಲ್ಲಿ ನೆವಿಲ್ ಥೀಲ್ ಅನ್ನೋ ಎಂಜಿನಿಯರ್, ಸ್ಪೀಕರು ಮತ್ತು ತೂತಿರುವ ಡಬ್ಬ ಸೇರಿದರೆ ಅದೊಂದು ಎಲೆಕ್ಟ್ರಿಕ್ ಫಿಲ್ಟರಿನ ಹಾಗೇ ನಡೆದುಕೊಳ್ಳುತ್ತೆ ಅಂತ ತೋರಿಸಿಕೊಟ್ಟರು. ಫಿಲ್ಟರುಗಳ ಕೋಷ್ಟಕ ಮೊದಲೇ ಸಿದ್ಧವಾಗಿತ್ತು, ಅದನ್ನೇ ಡಬ್ಬಕ್ಕೆ ಬಳಸಿಕೊಂಡರಾಯಿತು. ಲೇಖನ ಅಲ್ಲಿನ ಪತ್ರಿಕೆಯೊಂದರಲ್ಲಿ ಬಂತು, ಹೊರಗಿನವರು ಹೆಚ್ಚಾಗಿ ಗಮನಿಸಲಿಲ್ಲ. ಹತ್ತು ವರ್ಷದ ನಂತರ, 1971ರಲ್ಲಿ, ಅಮೆರಿಕದ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆ ಅದನ್ನ ಮರುಮುದ್ರಿಸಿತು. ಸಿಡ್ನಿಯಲ್ಲಿ ಸಂಶೋಧನೆ ಮಾಡುತ್ತಿದ್ದ ರಿಚರ್ಡ್ ಸ್ಮಾಲ್ 1972-73ರ ಲೇಖನಗಳಲ್ಲಿ ಇದನ್ನ ವಿಸ್ತರಿಸಿದರು. ಇವತ್ತು ಸ್ಪೀಕರ್ ಜೊತೆ ಬರೋ ಚೀಟಿಯಲ್ಲಿ ಥೀಲ್-ಸ್ಮಾಲ್ ಅಂತ ಇರುತ್ತಲ್ಲ, ಅದು ಇವರಿಬ್ಬರ ಹೆಸರು. ಡಿಕ್ಕಿಗೆ ಹಾಕಿಸೋರು ಸಾಮಾನ್ಯವಾಗಿ ಎಸೆಯೋದು ಅದೇ ಚೀಟಿ :(

ಎಸೆಯಬೇಡಿ, ಅದರಲ್ಲಿ ಎರಡು ಅಂಕಿ ನೋಡಿ. ಒಂದು ವಿಎಎಸ್, ಅಂದ್ರೆ ಸ್ಪೀಕರಿನ ಸ್ಪ್ರಿಂಗಿಗೆ ಸರಿಸಮನಾದ ಗಾಳಿ ಎಷ್ಟು ಲೀಟರ್ ಅಂತ. ಇನ್ನೊಂದು ಕ್ಯೂಟಿಎಸ್, ಕೋನ್ ಅಲ್ಲಾಡಿದ ಮೇಲೆ ಎಷ್ಟು ಬೇಗ ಸುಮ್ಮನಾಗುತ್ತೆ ಅಂತ. ಮುಚ್ಚಿದ ಡಬ್ಬಕ್ಕೆ ಲೆಕ್ಕ ಹೀಗಿದೆ. 0.707 ಅನ್ನು ಕ್ಯೂಟಿಎಸ್‌ನಿಂದ ಭಾಗಿಸಿ, ಬಂದದ್ದರ ವರ್ಗ ಮಾಡಿ, 1 ಕಳೆಯಿರಿ. ವಿಎಎಸ್ ಅನ್ನು ಇದರಿಂದ ಭಾಗಿಸಿದರೆ ಡಬ್ಬದ ಲೀಟರ್ ಸಿಕ್ಕಿತು. ವಿಎಎಸ್ 50, ಕ್ಯೂಟಿಎಸ್ 0.5 ಇದೆ ಅಂದುಕೊಳ್ಳಿ. 0.707 ಭಾಗಿಸು 0.5 ಅಂದರೆ 1.414, ವರ್ಗ 2, ಒಂದು ಕಳೆದರೆ 1. ಡಬ್ಬ 50 ಲೀಟರ್. ಒಳಗಿನ ಅಳತೆ 50, 40, 25 ಸೆಂಟಿಮೀಟರ್ ಮಾಡಿದರೆ ಸರಿಹೋಯಿತು, ಸ್ಪೀಕರಿನ ಮ್ಯಾಗ್ನೆಟ್ಟು ನುಂಗುವ ಜಾಗಕ್ಕೆ ಒಂದೆರಡು ಲೀಟರ್ ಜಾಸ್ತಿ ಸೇರಿಸಿಕೊಂಡರಾಯಿತು.

ಎಡವೋದು ಇಲ್ಲೇ. ನಮ್ಮ ಬಡಗಿಗಳು ಮೇಜು, ಬೀರು ಮಾಡಿ ಪಳಗಿದವರು, ಅವರ ಅಳತೆ ಹೊರಗಿನದು. ಅದೇ 50, 40, 25 ಅನ್ನ 18 ಮಿಲಿಮೀಟರ್ ಹಲಗೆಯಲ್ಲಿ ಹೊರಗಿನಿಂದ ಅಳೆದು ಮಾಡಿದರೆ ಒಳಗೆ ಉಳಿಯೋದು ಬರೀ 36 ಲೀಟರ್! ಮುಚ್ಚಿದ ಡಬ್ಬ ಇದನ್ನ ಸ್ವಲ್ಪ ಮಟ್ಟಿಗೆ ಕ್ಷಮಿಸುತ್ತೆ. ತೂತಿನ ಡಬ್ಬ ಕ್ಷಮಿಸಲ್ಲ. 32 ಹರ್ಟ್ಜ್‌ಗೆ ಹೊಂದಿಸಿದ್ದು 38ರ ಹತ್ತಿರ ಹೋಗಿ ನಿಲ್ಲುತ್ತೆ. ಅದಕ್ಕಿಂತ ಕೆಳಗಿನ ಸ್ವರ ಜೋರಾಗಿ ಬಂದಾಗ ಕೋನಿಗೆ ಗಾಳಿಯ ಹಿಡಿತ ತಪ್ಪಿ, ಅತಿಯಾಗಿ ಹಾರಾಡಿ ಸ್ಪೀಕರೇ ಕಿತ್ತುಹೋಗಬಹುದು. ಆಗ ಅಂಗಡಿಯಲ್ಲಿ ಸಿಗುವ ಸಲಹೆ "ದೊಡ್ಡ ಆಂಪ್ಲಿಫೈಯರ್ ಹಾಕ್ಸಿ ಸಾರ್" ಅಂತ! ಡಬ್ಬದ ತಪ್ಪಿಗೆ ದಂಡ ಕಟ್ಟೋದು ಹುಡುಗರ ಜೇಬು.

ಇನ್ನೊಂದು ವಿಷಯ. ಕಾರಿನ ಒಳಗಿನ ಜಾಗ ಬೇಸ್ ಅಲೆಗಿಂತ ಎಷ್ಟೋ ಚಿಕ್ಕದು. ಹಾಗಾಗಿ ಕಿಟಕಿ ಮುಚ್ಚಿದ ಕಾರು ತಾನೇ ಕೆಳಗಿನ ಸ್ವರಗಳನ್ನ ಎತ್ತಿಕೊಡುತ್ತೆ. ಮನೆಯಲ್ಲಿ ಸಾಲದು ಅನ್ನಿಸುವ ಸಣ್ಣ ಮುಚ್ಚಿದ ಡಬ್ಬ ಡಿಕ್ಕಿಯಲ್ಲಿ ಚೆನ್ನಾಗೇ ಕೇಳಿಸೋದು ಅದಕ್ಕೇ.

ಡಿಕ್ಕಿಯ ಮೂಲೆಗೆ ಹೊಂದುವ ಸೊಟ್ಟಪಟ್ಟ ಆಕಾರದ ಡಬ್ಬ ಮಾಡಿಸಿದರೆ ಲೀಟರ್ ಅಳೆಯೋದು ಹೇಗೆ? ಸ್ಪೀಕರ್ ಕೂರಿಸೋ ಮುಂಚೆ ಒಳಗೆ ರಾಗಿ ಸುರಿದು ತುಂಬಿ, ಆಮೇಲೆ ಲೀಟರ್ ಪಾವಿನಿಂದ ಅಳೆದು ತೆಗೆಯಿರಿ. ರಾಗಿ ಬೆಳೆಯುವ ನಮ್ಮ ಸೀಮೆಯಲ್ಲಿ ಇದನ್ನ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕೊಳಗದಲ್ಲಿ ಅಳೆಯೋದನ್ನ ಗಜಕಡ್ಡಿಯಲ್ಲಿ ಅಳೆಯಬಾರದು ಅನ್ನೋದು ಅಜ್ಜಿಗೂ ಗೊತ್ತು.

ಈ ಲೆಕ್ಕದಲ್ಲಿ ಭಾಗಾಕಾರ, ವರ್ಗ, ಕಳೆಯೋದು ಬಿಟ್ಟರೆ ಬೇರೇನಿಲ್ಲ, ಹೈಸ್ಕೂಲಿನ ಗಣಿತ. ಆದರೆ ಅದು ಇರೋದು ಇಂಗ್ಲಿಷ್ ಚೀಟಿಯಲ್ಲಿ, ಡಬ್ಬ ಮಾಡೋರು ಕನ್ನಡದ ಬಡಗಿಗಳು. ಆಸ್ಟ್ರೇಲಿಯಾದ ಲೆಕ್ಕ ಅಮೆರಿಕ ಮುಟ್ಟೋಕೆ ಹತ್ತು ವರ್ಷ ಬೇಕಾಯಿತು, ಕಡೂರಿನ ಬಡಗಿ ಅಂಗಡಿ ಮುಟ್ಟೋಕೆ ಐವತ್ತು ವರ್ಷ ಸಾಲಲಿಲ್ಲ. ಮಡಕೆಗೆ ಸ್ಪೀಕರ್ ಕೂರಿಸಿದ ಕಿವಿಗೆ ಈ ನಾಲ್ಕು ಅಂಕಿ ಸೇರಿದರೆ ಎಂಥಾ ಡಬ್ಬ ಬರಬಹುದು, ಯೋಚಿಸಿ.

ಅದಕ್ಕೇ ಇಷ್ಟು ಬರೆದೆ. ನಿಮ್ಮೂರಲ್ಲಿ ಮಡಕೆ ಬಿಟ್ಟು ಬೇರೆ ಏನಕ್ಕಾದರೂ ಸ್ಪೀಕರ್ ಕೂರಿಸ್ತಿದ್ರಾ? ಇದ್ದರೆ ತಿಳಿಸಿ, ಅದರ ಲೀಟರೂ ಲೆಕ್ಕ ಹಾಕೋಣ :)