ಒಂಬತ್ತು ದಿನಗಳ ಹೆಜ್ಜೆಗುರುತು

1864ನೆಯ ಇಸವಿಯ ಆಗಸ್ಟ್ 12, ಶುಕ್ರವಾರ. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತ್ಯದ ಪಶ್ಚಿಮದಲ್ಲಿ, ನಾಟಿಮುಕ್ ಎಂಬ ಊರಿನ ಸೀಮೆಯ ಒಂಟಿ ಗುಡಿಸಲೊಂದರಿಂದ ಮೂವರು ಮಕ್ಕಳು ಹೊರಟರು. ಹಿರಿಯ ಐಸಾಕ್‌ಗೆ ಒಂಬತ್ತು ವರ್ಷ, ತಂಗಿ ಜೇನ್‌ಗೆ ಏಳು, ಕಿರಿಯ ಫ್ರಾಂಕ್ ಇನ್ನೂ ಎಳೆಯ ಕೂಸು. ಪೊರಕೆಗೆ ಬೇಕಾದ ಕಡ್ಡಿಗಳನ್ನು ಕಿತ್ತು ತರಲು ತಾಯಿ ಕಳುಹಿಸಿದ್ದಳು. ಅವರಿಗೆ ಅದು ಹೊಸ ಕೆಲಸವೇನಲ್ಲ. ಆ ಸಂಜೆ ಮಕ್ಕಳು ಮರಳಲಿಲ್ಲ. ಹಿರಿಯರಿಬ್ಬರು ತಾಯಿಯ ಮೊದಲ ಮದುವೆಯ ಮಕ್ಕಳು, ಮನೆತನದ ಹೆಸರು ಕೂಪರ್. ಆದರೂ ಚರಿತ್ರೆ ಆ ಹುಡುಗಿಯನ್ನು ಮಲತಂದೆಯ ಹೆಸರು ಸೇರಿಸಿ ಜೇನ್ ಡಫ್ ಎಂದೇ ಕರೆದಿದೆ.

ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಆಸ್ಟ್ರೇಲಿಯವೆಂದರೆ ಕುರಿ, ಉಣ್ಣೆ, ಗೋಧಿ, ಚಿನ್ನದ ಗಣಿ. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಆ ಕುರಿಗಾವಲಿನ ಅಂಚಿನಲ್ಲಿ ಬಾಳಿದ ಸಂಸಾರಗಳ ಸಂಗತಿ ಪಠ್ಯದಲ್ಲಿ ಬರಲಿಲ್ಲ. ಅಲ್ಲಿ ಒಂದು ಗುಡಿಸಲಿಗೂ ಇನ್ನೊಂದಕ್ಕೂ ನಡುವೆ ಮೈಲುಗಟ್ಟಲೆ ಅಂತರ. ಸುತ್ತಲೂ 'ಮ್ಯಾಲಿ' ಎಂಬ ಜಾತಿಯ ಕುಳ್ಳು ನೀಲಗಿರಿ ಮರಗಳ ಪೊದೆಕಾಡು. ಒಂದೇ ಬೇರಿನಿಂದ ಹತ್ತಾರು ಕಾಂಡಗಳು ಮೇಲೆದ್ದು, ಎಲ್ಲವೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬೆಳೆಯುತ್ತವೆ. ನಮ್ಮ ಮಲೆನಾಡಿನಲ್ಲಿ ದಾರಿ ತಪ್ಪಿದವನಿಗೆ ಗುಡ್ಡವೋ ಹಳ್ಳವೋ ಕಣ್ಣಿಗೆ ಬೀಳುತ್ತದೆ. ಇಲ್ಲಿ ನಾಲ್ಕು ದಿಕ್ಕೂ ಒಂದೇ ಮುಖ.

ಇಂಥ ನೆಲದಲ್ಲಿ ಮಗುವನ್ನು ಹುಡುಕುವುದು ಏಕೆ ಕಷ್ಟ? ಗಣಿತದ ಮೇಷ್ಟ್ರು ಒಂದು ನಿಮಿಷ ಬಂದು ಹೋಗಲಿ. ಮಗು ಎರಡು ಕಿಲೋಮೀಟರ್ ದೂರ ಹೋಗಿರಬಹುದೆಂದರೆ ಹುಡುಕಬೇಕಾದ ವೃತ್ತದ ವಿಸ್ತೀರ್ಣ ಸುಮಾರು ಹನ್ನೆರಡೂವರೆ ಚದರ ಕಿಲೋಮೀಟರ್. ಆರು ಕಿಲೋಮೀಟರ್ ಎಂದರೆ ಅದು 113ಕ್ಕೆ ಏರುತ್ತದೆ. ದೂರ ಮೂರು ಪಟ್ಟು, ನೆಲ ಒಂಬತ್ತು ಪಟ್ಟು. ದಿನ ಕಳೆದಂತೆ ಹುಡುಕುವವರ ಸಂಖ್ಯೆ ಈ ವೇಗದಲ್ಲಿ ಹೆಚ್ಚುವುದು ಸಾಧ್ಯವಿಲ್ಲ. ಇನ್ನೊಂದು ವಿಷಯ: ದಾರಿ ತಪ್ಪಿದವನು ನೇರವಾಗಿ ನಡೆಯುವುದಿಲ್ಲ. ಜರ್ಮನಿಯ ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು 2009ರಲ್ಲಿ ಪ್ರಕಟಿಸಿದಂತೆ, ಸೂರ್ಯನಾಗಲಿ ಚಂದ್ರನಾಗಲಿ ಕಾಣದಿರುವಾಗ ಮನುಷ್ಯರು ತಾವು ನೇರ ಹೋಗುತ್ತಿದ್ದೇವೆಂದು ನಂಬಿಯೂ ಸುತ್ತು ಹಾಕುತ್ತಾರೆ. ಪುಟ್ಟ ಮಕ್ಕಳ ವಿಷಯವಂತೂ ಇನ್ನೂ ಜಟಿಲ. ಅಪರಿಚಿತರು ಕೂಗಿದರೆ ಕೆಲವರು ಓಗೊಡುವುದಿಲ್ಲ, ಹೆದರಿ ಅಡಗುತ್ತಾರೆ. ಚಳಿಗೆ ಪೊದೆಯಲ್ಲೋ ಮರದ ಪೊಟರೆಯಲ್ಲೋ ಮುದುಡಿ ಮಲಗಿದವರು ಹತ್ತು ಮಾರು ದೂರದಲ್ಲಿ ಹಾದುಹೋಗುವವನಿಗೂ ಕಾಣುವುದಿಲ್ಲ. ಹುಡುಕಲು ಬಂದ ಉತ್ಸಾಹಿ ಜನರ ಕಾಲ್ತುಳಿತವೇ ಮಗುವಿನ ಹೆಜ್ಜೆಗಳನ್ನು ಅಳಿಸಿಬಿಡುತ್ತದೆ.

ಡಫ್ ಮಕ್ಕಳ ವಿಷಯದಲ್ಲಿ ಆದದ್ದೂ ಹೀಗೆಯೇ. ಸುತ್ತಲಿನ ವಲಸಿಗರು ಕುದುರೆಯೇರಿ ದಿನಗಟ್ಟಲೆ ಹುಡುಕಿದರು. ಅಲ್ಲಿ ಆಗಸ್ಟ್ ಚಳಿಗಾಲ. ಮಳೆ ಬಂದು ಇದ್ದಬದ್ದ ಗುರುತೂ ತೊಳೆದುಹೋಯಿತು. ಕೊನೆಗೆ ಮಲತಂದೆ ದೂರದ ಮೌಂಟ್ ಎಲ್ಗಿನ್ ಕುರಿಗಾವಲಿಗೆ ಹೋಗಿ ಮೂವರು ಮೂಲನಿವಾಸಿಗಳನ್ನು ಕರೆತಂದ. ವಲಸಿಗರು ಅವರಿಗಿಟ್ಟಿದ್ದ ಹೆಸರುಗಳು ಜೆರ್ರಿ, ಫ್ರೆಡ್, ಡಿಕ್-ಎ-ಡಿಕ್. ಮೂರನೆಯವನ ನಿಜವಾದ ಹೆಸರು ಜುಂಗುಂಜಿನಾನುಕೆ, ವೊಟ್ಜೊಬಾಲುಕ್ ಜನಾಂಗದವನು.

ಕುದುರೆ ಸವಾರರಿಗೆ ಬರಿಯ ಮಣ್ಣಾಗಿ ಕಂಡದ್ದನ್ನು ಇವರು ಓದಿದರು. ಓದಿದರು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಮುರಿದ ಕಡ್ಡಿ, ಬಾಗಿ ಮತ್ತೆ ನೆಟ್ಟಗಾಗದ ಹುಲ್ಲು, ಮರಳಿನ ಮೇಲೆ ಅರ್ಧ ಅಳಿದ ಹಿಮ್ಮಡಿ, ಇಷ್ಟರಿಂದಲೇ ಚಿಕ್ಕವನು ದಣಿದ ಜಾಗ ಯಾವುದು, ಅವನನ್ನು ಎತ್ತಿಕೊಂಡು ಮುಂದೆ ಸಾಗಿದ್ದು ಎಲ್ಲಿಂದ ಎಂಬುದನ್ನು ತಿಳಿದರು. ಅಕ್ಷರ ಕಲಿಸುವುದನ್ನೇ ಕಸುಬಾಗಿ ಮಾಡಿಕೊಂಡಿದ್ದ ನನಗೆ ಈ ವಿದ್ಯೆಯ ಮುಂದೆ ನಮ್ಮ ಬಿ.ಇಡಿ. ಪದವಿ ಸ್ವಲ್ಪ ಸಣ್ಣದಾಗಿಯೇ ಕಾಣುತ್ತದೆ.

ಆಗಸ್ಟ್ 20ರಂದು, ಒಂಬತ್ತನೆಯ ದಿನ, ಮಕ್ಕಳು ಸಿಕ್ಕಿದರು. ಮೂವರೂ ಜೀವಂತ! ರಾತ್ರಿಗಳಲ್ಲಿ ಜೇನ್ ತನ್ನ ಮೇಲುಡುಪನ್ನು ಕಳಚಿ ತಮ್ಮನಿಗೆ ಹೊದಿಸಿದ್ದಳು. ಈ ಒಂದು ಸಂಗತಿ ಅವಳನ್ನು ಇಡೀ ವಸಾಹತಿನ ಮನೆಮಾತಾಗಿಸಿತು. ಮುಂದೆ ವಿಕ್ಟೋರಿಯದ ಶಾಲಾ ಮಕ್ಕಳಿಗೆ ಅವಳ ಕಥೆ ಪಾಠವಾಯಿತು. ಅವಳು ಬಡತನದಲ್ಲಿದ್ದಾಳೆಂದು ತಿಳಿದಾಗ ಅಂಥ ಮಕ್ಕಳೇ ಹಣ ಕೂಡಿಸಿದರು. 1932ರಲ್ಲಿ ಅವಳು ತೀರಿಕೊಂಡಳು.

ಎಲ್ಲರ ಅದೃಷ್ಟವೂ ಹಾಗಿರಲಿಲ್ಲ. ಮೂರು ವರ್ಷಗಳ ನಂತರ, 1867ರ ಜೂನ್ 30ರ ಭಾನುವಾರ, ಅದೇ ವಿಕ್ಟೋರಿಯದ ಡೇಲ್ಸ್‌ಫರ್ಡ್ ಎಂಬ ಗಣಿ ಊರಿನಿಂದ ಮೂವರು ಗಂಡುಮಕ್ಕಳು ಕಾಣೆಯಾದರು. ಯಾರಿಗೂ ಏಳು ತುಂಬಿರಲಿಲ್ಲ. ದಾರಿಯಲ್ಲಿ ಕಂಡವರೊಬ್ಬರು ತಂತಿ ಕಂಬಗಳ ಸಾಲು ಹಿಡಿದು ಮನೆಗೆ ಹೋಗಿರೆಂದು ಹೇಳಿದ್ದರಂತೆ. ಊರಿಗೆ ಊರೇ ಕೆಲಸ ಬಿಟ್ಟು ಕಾಡಿಗಿಳಿಯಿತು. ನೂರಾರು ಜನ ವಾರಗಟ್ಟಲೆ ಅಲೆದರು. ಸೆಪ್ಟೆಂಬರ್‌ನಲ್ಲಿ ನಾಯಿಯೊಂದು ಪುಟ್ಟ ಬೂಟನ್ನು ಕಚ್ಚಿ ತಂದಿತು. ಆಮೇಲೆ ಮರದ ಪೊಟರೆಯೊಂದರಲ್ಲಿ ಉಳಿದದ್ದು ಸಿಕ್ಕಿತು. ಕೊರೆಯುವ ಚಳಿಯ ಆ ಮೊದಲ ರಾತ್ರಿಯೇ ಮಕ್ಕಳು ಸತ್ತಿರಬೇಕೆಂದು ಊಹಿಸಲಾಯಿತು. ಮಕ್ಕಳನ್ನು ಕಳೆದುಕೊಂಡ ಒಬ್ಬ ತಂದೆ ಮುಂದೆ ಆ ಊರಿನ ಶಾಲೆಯ ಅತ್ಯುತ್ತಮ ವಿದ್ಯಾರ್ಥಿಗೆಂದು ಒಂದು ಬಹುಮಾನವನ್ನು ಸ್ಥಾಪಿಸಿದ. ಇದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಈಗ ವಿಮಾನವಿದೆ, ಉಪಗ್ರಹವಿದೆ, ಆದ್ದರಿಂದ ಆ ಹಳೆಯ ವಿದ್ಯೆ ಬೇಡವೆಂದು ಯಾರಾದರೂ ಹೇಳಿಯಾರು. 2023ರ ಮೇ 1ರಂದು ಕೊಲಂಬಿಯದ ಅಮೆಜಾನ್ ಕಾಡಿನಲ್ಲಿ ಸಣ್ಣ ವಿಮಾನವೊಂದು ಬಿದ್ದು, ಅದರಲ್ಲಿದ್ದ ಹಿರಿಯರು ಮೂವರೂ ಸತ್ತು, ನಾಲ್ವರು ಮಕ್ಕಳು ಉಳಿದರು. ಹಿರಿಯಳಿಗೆ ಹದಿಮೂರು, ಕಿರಿಯದು ಹಸುಗೂಸು. ಸೈನ್ಯ ಹೆಲಿಕಾಪ್ಟರಿನಿಂದ ಅಜ್ಜಿಯ ಧ್ವನಿಯನ್ನು ಅವರದೇ ಹುಯಿಟೊಟೊ ಭಾಷೆಯಲ್ಲಿ ಬಿತ್ತರಿಸಿತು. ಜೂನ್ 9ರಂದು, ನಲವತ್ತನೆಯ ದಿನ, ಮಕ್ಕಳನ್ನು ಕಂಡವರು ಸೈನಿಕರ ಜೊತೆಗೂಡಿದ್ದ ಬುಡಕಟ್ಟಿನ ಸ್ವಯಂಸೇವಕರೇ. ಸ್ಥಳವಾದರೋ ವಿಮಾನ ಬಿದ್ದಲ್ಲಿಂದ ಸುಮಾರು ಐದೇ ಕಿಲೋಮೀಟರ್.

ಮತ್ತೆ ಡಿಕ್-ಎ-ಡಿಕ್‌ನ ಕಡೆಗೆ. ಕ್ರಿಕೆಟ್ ಹುಚ್ಚಿನ ನನ್ನ ಶಿಷ್ಯರು ಇಲ್ಲಿ ಕಿವಿ ನಿಮಿರಿಸಬೇಕು. ಆಸ್ಟ್ರೇಲಿಯದಿಂದ ಇಂಗ್ಲೆಂಡಿಗೆ ಹೋದ ಮೊಟ್ಟಮೊದಲ ಕ್ರಿಕೆಟ್ ತಂಡ ಮೂಲನಿವಾಸಿಗಳದು. 1868ರಲ್ಲಿ ಅವರು 47 ಪಂದ್ಯಗಳನ್ನಾಡಿ 14 ಗೆದ್ದರು, 14 ಸೋತರು. ಆ ತಂಡದಲ್ಲಿ ನಮ್ಮ ಈ ಜಾಡುಗಾರನೂ ಇದ್ದ. ಕೈಯಲ್ಲಿ ಸಣ್ಣ ಗುರಾಣಿ ಮತ್ತು ದೊಣ್ಣೆ ಹಿಡಿದು, ಜನ ತನ್ನತ್ತ ಬೀಸಿ ಎಸೆಯುವ ಚೆಂಡುಗಳನ್ನು ತಪ್ಪಿಸಿಕೊಳ್ಳುವುದು ಅವನ ವಿಶೇಷ ಪ್ರದರ್ಶನ. ಜನ ಚಪ್ಪಾಳೆ ತಟ್ಟಿದರು.

ಮರುವರ್ಷವೇ, 1869ರಲ್ಲಿ, ವಿಕ್ಟೋರಿಯ ಸರ್ಕಾರ ಮೂಲನಿವಾಸಿಗಳ 'ರಕ್ಷಣೆ'ಯ ಕಾಯಿದೆಯನ್ನು ತಂದಿತು. ಅವರು ಎಲ್ಲಿ ವಾಸಿಸಬೇಕು, ಅವರ ಮಕ್ಕಳು ಯಾರ ವಶದಲ್ಲಿ ಬೆಳೆಯಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ಆಳುವವರ ಕೈಗೆ ಬಂತು. ಇಂಥದೇ ಕಾಯಿದೆಗಳು ಇತರ ವಸಾಹತುಗಳಿಗೂ ಹರಡಿದವು. ಒಂದು ಶತಮಾನದವರೆಗೆ ಸಾವಿರಾರು ಮಕ್ಕಳನ್ನು ತಾಯಂದಿರ ಮಡಿಲಿನಿಂದ ಕಿತ್ತು ಅನಾಥಾಲಯಗಳಿಗೂ ಬಿಳಿಯರ ಮನೆಗಳಿಗೂ ಒಯ್ದರು. ಅವರಿಗಾಗಿ ಯಾವ ಊರೂ ಕೆಲಸ ನಿಲ್ಲಿಸಿ ಕಾಡಿಗಿಳಿಯಲಿಲ್ಲ. ತಾಯಂದಿರಿಗೆ ಹಿಡಿಯಲು ಜಾಡೇ ಇರಲಿಲ್ಲ, ಹೆಸರುಗಳನ್ನೂ ಬದಲಿಸಲಾಗಿತ್ತು. 1997ರ ಅಧಿಕೃತ ವರದಿ ಇದನ್ನೆಲ್ಲ ದಾಖಲಿಸಿತು. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆ ಹೊತ್ತಿಗೆ ಆ ತಾಯಂದಿರಲ್ಲಿ ಬಹುಪಾಲು ಜನ ಬದುಕಿರಲಿಲ್ಲ.