ಹೆಸರಿನ ಗೊಂದಲದಿಂದ ಬಂದ ಬೆಳಕು

ಮೈಸೂರಿಗೆ ಹೋದವರು ಸಂತ ಫಿಲೋಮಿನಾ ಚರ್ಚನ್ನು ನೋಡದೆ ಬರುವುದು ಅಪರೂಪ. ಮುಗಿಲಿಗೆ ಚಾಚಿದ ಜೋಡಿ ಗೋಪುರ, ಚೂಪು ತುದಿಯ ಕಮಾನು, ಬಣ್ಣದ ಗಾಜಿನ ಮೂಲಕ ಒಳಗಿಳಿಯುವ ಬೆಳಕು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟ ಈ ಕಟ್ಟಡದ ಶೈಲಿಗೆ ಗಾಥಿಕ್ ಎಂದು ಹೆಸರು. ಅದರ ತವರು ಫ್ರಾನ್ಸ್. ಅಲ್ಲಿ ಅದು ಹುಟ್ಟಿದ ಕತೆಯಲ್ಲಿ ಧರ್ಮ, ತತ್ವಶಾಸ್ತ್ರ, ಕಲೆ ಮೂರೂ ಬೆರೆತಿವೆ. ಸ್ವಾರಸ್ಯವೆಂದರೆ ಆ ಕತೆಯ ಬುಡದಲ್ಲೇ ಒಂದು ತಪ್ಪು ತಿಳಿವಳಿಕೆ ಇದೆ.

ಪ್ಯಾರಿಸ್ಸಿನ ಉತ್ತರಕ್ಕೆ ಅಂಟಿಕೊಂಡಂತಿರುವ ಊರು ಸಾಂ ದೆನಿ. ಅಲ್ಲಿನ ಪುರಾತನ ಮಠ ಫ್ರಾನ್ಸಿನ ರಾಜರ ಸಮಾಧಿಸ್ಥಳ. ಮಠಕ್ಕೆ ಆ ಹೆಸರು ಬಂದದ್ದು ಪ್ಯಾರಿಸ್ಸಿನ ಮೊದಲ ಬಿಷಪ್ ಎನ್ನಲಾದ ಸಂತ ದೆನಿಯಿಂದ. ಮೂರನೆಯ ಶತಮಾನದಲ್ಲಿ ರೋಮನ್ನರು ಅವನ ತಲೆ ಕಡಿದರೆಂದೂ, ಅವನು ತನ್ನ ರುಂಡವನ್ನು ತಾನೇ ಕೈಯಲ್ಲಿ ಹಿಡಿದು ಇಲ್ಲಿಯವರೆಗೆ ನಡೆದು ಬಂದನೆಂದೂ ಐತಿಹ್ಯ ಹೇಳುತ್ತದೆ.

ದೆನಿ ಎಂಬುದು ಗ್ರೀಕ್ ಹೆಸರಾದ ಡಯೊನೀಸಿಯಸ್‌ನ ಫ್ರೆಂಚ್ ರೂಪ. ಇದೇ ಹೆಸರಿನ ಮತ್ತೊಬ್ಬ ಬೈಬಲಿನಲ್ಲಿ ಬರುತ್ತಾನೆ. ಒಂದನೆಯ ಶತಮಾನದಲ್ಲಿ ಸಂತ ಪೌಲನ ಉಪದೇಶ ಕೇಳಿ ಕ್ರೈಸ್ತನಾದ ಅಥೆನ್ಸಿನ ಗಣ್ಯನೊಬ್ಬ. ಮೂರನೆಯವನು ಇನ್ನೂ ವಿಚಿತ್ರ. ಸುಮಾರು ಕ್ರಿ.ಶ. 500ರ ವೇಳೆಗೆ, ಬಹುಶಃ ಸಿರಿಯಾ ದೇಶದಲ್ಲಿದ್ದ ಒಬ್ಬ ಅಜ್ಞಾತ ಲೇಖಕ ಗ್ರೀಕ್ ಭಾಷೆಯಲ್ಲಿ ಕೆಲವು ಗ್ರಂಥಗಳನ್ನು ಬರೆದು, ತಾನೇ ಪೌಲನ ಆ ಶಿಷ್ಯನೆಂಬಂತೆ ತೋರಿಸಿಕೊಂಡ. ಅವನ ನಿಜವಾದ ಹೆಸರು ಇಂದಿಗೂ ಯಾರಿಗೂ ತಿಳಿದಿಲ್ಲ.

827ರಲ್ಲಿ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಎರಡನೇ ಮೈಕೇಲ್ ಈ ಗ್ರಂಥಗಳ ಹಸ್ತಪ್ರತಿಯೊಂದನ್ನು ಫ್ರಾಂಕರ ಚಕ್ರವರ್ತಿ ಲೂಯಿಗೆ ಉಡುಗೊರೆಯಾಗಿ ಕಳಿಸಿದ. ಅದು ಸಾಂ ದೆನಿ ಮಠವನ್ನು ಸೇರಿತು. ಅದು ಬಂದ ರಾತ್ರಿಯೇ ಹತ್ತೊಂಬತ್ತು ಮಂದಿ ರೋಗಿಗಳು ಗುಣಮುಖರಾದರೆಂದು ಅಂದಿನ ಮಠಾಧಿಪತಿ ಹಿಲ್ದುವಿನ್ ಬರೆದಿಟ್ಟಿದ್ದಾನೆ. ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಗ್ರಂಥಗಳನ್ನು ಲ್ಯಾಟಿನ್ನಿಗೆ ತರಿಸಿದ. ಸಂತನ ಚರಿತ್ರೆ ಬರೆದು ಮೂವರು ಡಯೊನೀಸಿಯಸ್‌ರನ್ನೂ ಒಬ್ಬನೇ ವ್ಯಕ್ತಿಯನ್ನಾಗಿ ಮಾಡಿದ. ಹೀಗೆ ಪೌಲನ ಶಿಷ್ಯನೂ, ಮಹಾ ತತ್ವಜ್ಞಾನಿಯೂ, ಫ್ರಾನ್ಸಿನ ಹುತಾತ್ಮನೂ ಒಂದೇ ಗೋರಿಯಲ್ಲಿ ಮಲಗಿದಂತಾಯಿತು. ಮಠದ ಪ್ರತಿಷ್ಠೆ ಎಷ್ಟು ಏರಿರಬೇಕೆಂದು ಊಹಿಸಬಹುದು.

ಆ ಗ್ರಂಥಗಳಲ್ಲಿ ಇದ್ದುದಾದರೂ ಏನು? ದೇವರು ಬೆಳಕಿನ ಮೂಲ. ಆ ಬೆಳಕು ದೇವದೂತರ ಶ್ರೇಣಿಗಳನ್ನು ಹಾದು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಕೊನೆಗೆ ಕಲ್ಲು ಮಣ್ಣನ್ನೂ ತಲುಪುತ್ತದೆ. ಇಳಿದು ಬಂದ ದಾರಿಯಲ್ಲೇ ಮನುಷ್ಯನ ಮನಸ್ಸು ಮೇಲೇರಲೂಬಹುದು. ಅಂದರೆ ಕಣ್ಣಿಗೆ ಕಾಣುವ ವಸ್ತುವನ್ನು ಹಿಡಿದುಕೊಂಡು ಕಾಣದುದರತ್ತ ಸಾಗಬಹುದು. ವಿಗ್ರಹಗಳನ್ನು ಅನುಮಾನದಿಂದ ನೋಡುತ್ತಲೇ ಬಂದ ಧರ್ಮವೊಂದರಲ್ಲಿ ಇದು ಸಾಮಾನ್ಯ ಮಾತಲ್ಲ. ಚಿತ್ರಕಾರನಿಗೂ ಶಿಲ್ಪಿಗೂ ಇದಕ್ಕಿಂತ ದೊಡ್ಡ ಪರವಾನಗಿ ಬೇಕೆ?

ಮೂವರೂ ಒಬ್ಬರೇ ಎಂಬುದನ್ನು ಪ್ರಶ್ನಿಸಿದವರು ಇರಲಿಲ್ಲವೆಂದಲ್ಲ. ಹನ್ನೆರಡನೆಯ ಶತಮಾನದ ಮಹಾ ತಾರ್ಕಿಕ ಪೀಟರ್ ಅಬೆಲಾರ್, ಎಲೋಯಿಸಳ ಜೊತೆಗಿನ ಪ್ರೇಮದ ದುರಂತದ ನಂತರ ಇದೇ ಮಠದಲ್ಲಿ ಸನ್ಯಾಸಿಯಾಗಿದ್ದ. ಇಂಗ್ಲೆಂಡಿನ ಬೀಡ್ ಎಂಬ ವಿದ್ವಾಂಸನ ಗ್ರಂಥ ಓದುತ್ತಿದ್ದಾಗ, ಪೌಲನ ಶಿಷ್ಯ ಡಯೊನೀಸಿಯಸ್ ಕೊರಿಂತ್ ನಗರದ ಬಿಷಪ್ ಆಗಿದ್ದನೆಂಬ ಮಾತು ಅವನ ಕಣ್ಣಿಗೆ ಬಿತ್ತು. ಮಠದ ಕತೆಯ ಪ್ರಕಾರ ಅವನು ಅಥೆನ್ಸಿನ ಬಿಷಪ್. ಅಬೆಲಾರ್ ಅದನ್ನು ತಮಾಷೆಗೆಂಬಂತೆ ಜೊತೆಯ ಸನ್ಯಾಸಿಗಳಿಗೆ ತೋರಿಸಿದ. ಅವರು ಕೆಂಡವಾದರು. ಮಠಕ್ಕಷ್ಟೇ ಅಲ್ಲ, ಫ್ರಾನ್ಸ್ ರಾಜ್ಯಕ್ಕೇ ಅವಮಾನ ಮಾಡಿದ್ದಾನೆಂದು ಅವನನ್ನು ದೊರೆಗೆ ಒಪ್ಪಿಸುವ ಬೆದರಿಕೆ ಬಂತು. ಅಬೆಲಾರ್ ರಾತ್ರೋರಾತ್ರಿ ಓಡಿಹೋದ. ಒಂದು ಅಡಿಟಿಪ್ಪಣಿಯಷ್ಟು ಸಣ್ಣ ವಿಷಯ, ಆದರೆ ಪ್ರಾಣಕ್ಕೇ ಸಂಚಕಾರ.

1122ರಲ್ಲಿ ಮಠದ ಅಧಿಕಾರ ಸ್ಯೂಜೆ ಎಂಬುವನ ಕೈಗೆ ಬಂತು. ಚಿಕ್ಕ ಹುಡುಗನಾಗಿದ್ದಾಗಲೇ ಮಠಕ್ಕೆ ಒಪ್ಪಿಸಲ್ಪಟ್ಟ ಇವನು ಮುಂದೆ ದೊರೆ ಏಳನೇ ಲೂಯಿ ಧರ್ಮಯುದ್ಧಕ್ಕೆ ಹೋದಾಗ ರಾಜ್ಯವನ್ನೇ ನೋಡಿಕೊಂಡ ಚತುರ. ಅಬೆಲಾರ್ ಬೇರೆ ಕಡೆ ನೆಲೆಸಲು ಒಪ್ಪಿಗೆ ಸಿಕ್ಕಿದ್ದು ಇವನ ಕಾಲದಲ್ಲೇ. ಮಠದ ಚರ್ಚು ಇಕ್ಕಟ್ಟಾಗಿತ್ತು. ಹಬ್ಬದ ದಿನಗಳಲ್ಲಿ ಹೆಂಗಸರು ಗಂಡಸರ ತಲೆಗಳ ಮೇಲೆ ಕಾಲಿಟ್ಟು ಪೀಠದತ್ತ ಹೋಗುತ್ತಿದ್ದರು, ಸಂತರ ಅವಶೇಷಗಳನ್ನು ತೋರಿಸಲು ನಿಂತ ಸನ್ಯಾಸಿಗಳು ಜನರ ನೂಕುನುಗ್ಗಲಿಗೆ ಸೋತು ಕಿಟಕಿಯಿಂದ ಪರಾರಿಯಾಗುತ್ತಿದ್ದರು ಎಂದು ಸ್ಯೂಜೆಯೇ ಬರೆದಿದ್ದಾನೆ. ಹಾಗಾಗಿ ಚರ್ಚನ್ನು ವಿಸ್ತರಿಸಲು ಹೊರಟ. ಅಷ್ಟು ದೊಡ್ಡ ತೊಲೆಗಳಿಗೆ ಆಗುವ ಮರ ಹತ್ತಿರದಲ್ಲೆಲ್ಲೂ ಇಲ್ಲವೆಂದು ಬಡಗಿಗಳು ಕೈಚೆಲ್ಲಿದಾಗ ತಾನೇ ಕಾಡಿಗೆ ಹೋಗಿ, ಬೇಕಿದ್ದ ಹನ್ನೆರಡು ಮರಗಳನ್ನು ಹುಡುಕಿ ತಂದ.

ಮುಂಭಾಗದ ಕೆಲಸ 1140ರಲ್ಲಿ ಮುಗಿಯಿತು. ಹಿಂಭಾಗದಲ್ಲಿ ಪೀಠವಿರುವ ಅಂಗಣ 1144ರ ಜೂನ್ 11ರಂದು ದೊರೆ ಲೂಯಿ, ರಾಣಿ ಎಲಿನೋರ್ ಅವರ ಸಮ್ಮುಖದಲ್ಲಿ ಪ್ರತಿಷ್ಠೆಗೊಂಡಿತು. ಅಂದು ನೆರೆದ ಬಿಷಪ್‌ಗಳು ಅಂಥದನ್ನು ಹಿಂದೆ ಕಂಡಿರಲಿಕ್ಕಿಲ್ಲ. ಹಳೆಯ ಚರ್ಚುಗಳಲ್ಲಿ ಛಾವಣಿಯ ಭಾರವನ್ನು ದಪ್ಪ ಗೋಡೆಗಳು ಹೊರಬೇಕಿತ್ತು. ಕಿಟಕಿ ದೊಡ್ಡದಾದರೆ ಗೋಡೆ ದುರ್ಬಲವಾಗುತ್ತಿತ್ತು. ಸ್ಯೂಜೆಯ ಮೇಸ್ತ್ರಿ ಚೂಪು ಕಮಾನುಗಳನ್ನೂ, ಛಾವಣಿಯ ಅಡಿಯಲ್ಲಿ ಪಕ್ಕೆಲುಬಿನಂತೆ ಹಾಯುವ ಕಲ್ಲಿನ ಪಟ್ಟಿಗಳನ್ನೂ ಒಟ್ಟಿಗೆ ಬಳಸಿ ಭಾರವನ್ನು ತೆಳ್ಳನೆಯ ಕಂಬಗಳಿಗೆ ಸಾಗಿಸಿದ. ಎರಡೂ ತಂತ್ರಗಳು ಮೊದಲೇ ಬಳಕೆಯಲ್ಲಿದ್ದವು. ಅವು ಕೂಡಿದಾಗ ಗೋಡೆಗೆ ಕೆಲಸವೇ ಉಳಿಯಲಿಲ್ಲ, ಅದರ ಜಾಗಕ್ಕೆ ಬಣ್ಣದ ಗಾಜು ಬಂತು. ಈ ಮೇಸ್ತ್ರಿಯ ಹೆಸರನ್ನು ಸ್ಯೂಜೆ ಎಲ್ಲೂ ಬರೆದಿಲ್ಲ. ತನ್ನ ಹೆಸರನ್ನು ಮಾತ್ರ ಹಲವೆಡೆ ಕೆತ್ತಿಸಿದ್ದಾನೆ, ಒಂದು ಕಿಟಕಿಯ ಗಾಜಿನಲ್ಲಿ ತನ್ನ ಚಿತ್ರವನ್ನೂ ಬರೆಸಿದ್ದಾನೆ! ಚಿನ್ನದ ಲೇಪದ ಕಂಚಿನ ಬಾಗಿಲಿನ ಮೇಲಿನ ಪದ್ಯದಲ್ಲಂತೂ, ಮಂದ ಮನಸ್ಸು ಜಡವಸ್ತುವಿನ ಮೂಲಕವೇ ಸತ್ಯದೆಡೆಗೆ ಏರುತ್ತದೆಂಬ ಡಯೊನೀಸಿಯಸ್ಸನ ಧಾಟಿಯ ಮಾತಿದೆ.

ಎಲ್ಲರೂ ಒಪ್ಪಿದರೆಂದಲ್ಲ. ಬಡವರು ಹಸಿದಿರುವಾಗ ಚರ್ಚಿನ ಗೋಡೆಗೆ ಚಿನ್ನವೇಕೆ ಎಂದು ಕ್ಲೇರ್ವೋ ಮಠದ ಬರ್ನಾರ್ಡ್ 1125ರ ಸುಮಾರಿಗೇ ಕೇಳಿದ್ದ. ಅವನ ಪಂಥದ ಮಠಗಳು ಬೋಳು ಗೋಡೆಗಳಲ್ಲೇ ತೃಪ್ತವಾಗಿದ್ದವು. ಸ್ಯೂಜೆಗೆ ಅತ್ಯಂತ ಬೆಲೆಬಾಳುವುದೇ ದೇವರಿಗೆ ಸಲ್ಲಬೇಕು. ಇಬ್ಬರಲ್ಲಿ ಯಾರು ಸರಿ? ಈ ಲೇಖಕನ ಒಲವು ಬರ್ನಾರ್ಡನ ಕಡೆಗೆ. ಆದರೆ ನೋಡಲು ಹೋಗಬೇಕೆನಿಸುವುದು ಸ್ಯೂಜೆಯ ಕಿಟಕಿಗಳನ್ನೇ. ಯೂರೋಪ್ ಕೂಡ ಹೆಚ್ಚುಕಡಿಮೆ ಹಾಗೆಯೇ ತೀರ್ಮಾನಿಸಿತು. 1163ರಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ಆರಂಭವಾಯಿತು. 1194ರ ಬೆಂಕಿಯ ನಂತರ ಶಾರ್ತ್ರ್ ಹೊಸದಾಗಿ ಎದ್ದಿತು.

ಸ್ಯೂಜೆ ನಿಜವಾಗಿಯೂ ಡಯೊನೀಸಿಯಸ್ಸನನ್ನು ಓದಿ ಕಟ್ಟಿದನೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಹೌದೆಂದು 1946ರಲ್ಲಿ ವಾದಿಸಿದವರು ಕಲಾ ಇತಿಹಾಸಕಾರ ಎರ್ವಿನ್ ಪನೋಫ್‌ಸ್ಕಿ. ಅದು ಅತಿಯಾಯಿತು, ಅವನಿಗೆ ಬೇಕಿದ್ದುದು ಜನರಿಗೆ ಜಾಗ ಮತ್ತು ಮಠಕ್ಕೆ ವೈಭವ ಎಂದು 1987ರಲ್ಲಿ ಪೀಟರ್ ಕಿಡ್ಸನ್ ಆಕ್ಷೇಪಿಸಿದರು. ಎರಡೂ ಸೇರಿಯೇ ಇದ್ದಿರಬಹುದು. ತನ್ನ ಮಠದ ಗೋರಿಯಲ್ಲಿ ಮಲಗಿದ್ದಾನೆಂದು ನಂಬಿದ ಸಂತನ ಮಾತು ಮಠಾಧಿಪತಿಯ ಕಿವಿಗೆ ಬಿದ್ದಿರಲಿಲ್ಲವೆಂದು ನಂಬುವುದು ಕಷ್ಟ.

ಗುಟ್ಟು ಹೊರಬೀಳಲು ಶತಮಾನಗಳೇ ಬೇಕಾದವು. ಥಾಮಸ್ ಅಕ್ವಿನಾಸ್ ಈ ಗ್ರಂಥಗಳಿಗೆ ಭಾಷ್ಯ ಬರೆದ, ದಾಂತೆ ತನ್ನ ಕಾವ್ಯದಲ್ಲಿ ಇದರ ಕರ್ತೃವಿಗೆ ಸ್ವರ್ಗದಲ್ಲಿ ಸ್ಥಾನ ಕೊಟ್ಟ. ಹದಿನೈದನೆಯ ಶತಮಾನದಲ್ಲಿ ಇಟಲಿಯ ಲೊರೆಂಜೊ ವಲ್ಲಾ ಸಂಶಯ ಎತ್ತಿದ. ಈತ ಕ್ರೈಸ್ತನಿಗಿಂತ ಹೆಚ್ಚಾಗಿ ಪ್ಲೇಟೋವಿನ ಶಿಷ್ಯ ಎಂದು ಲೂಥರ್ ಮೂದಲಿಸಿದ. ಕೊನೆಗೆ 1895ರಲ್ಲಿ ಹ್ಯೂಗೋ ಕೋಖ್, ಯೋಸೆಫ್ ಸ್ಟಿಗ್ಲ್‌ಮೈರ್ ಎಂಬ ಇಬ್ಬರು ಜರ್ಮನ್ ವಿದ್ವಾಂಸರು, ಬೇರೆಬೇರೆಯಾಗಿಯೇ, ಈ ಲೇಖಕ ಪ್ರೋಕ್ಲಸ್ ಎಂಬಾತನಿಂದ ಎರವಲು ಪಡೆದಿದ್ದನೆಂದು ತೋರಿಸಿಕೊಟ್ಟರು. 485ರಲ್ಲಿ ತೀರಿಕೊಂಡವನ ಮಾತನ್ನು ಪೌಲನ ಶಿಷ್ಯ ಬಳಸುವುದು ಹೇಗೆ?

ಈ ಪ್ರೋಕ್ಲಸ್ ಪ್ಲೇಟೋ ಪರಂಪರೆಯ ಅಥೆನ್ಸಿನ ಪೀಠದ ಮುಖ್ಯಸ್ಥ, ಹಳೆಯ ಗ್ರೀಕ್ ದೇವತೆಗಳ ಆರಾಧಕ, ಕ್ರೈಸ್ತನಲ್ಲವೇ ಅಲ್ಲ. 529ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಅಥೆನ್ಸಿನಲ್ಲಿ ತತ್ವಶಾಸ್ತ್ರ ಬೋಧನೆಯನ್ನು ನಿಷೇಧಿಸಿದ. ಮುಂಬಾಗಿಲು ಮುಚ್ಚಿದ ಆ ವಿಚಾರ, ಸಂತನೊಬ್ಬನ ಹೆಸರು ಹೊತ್ತು ಚರ್ಚಿನ ಒಳಗೇ ಬಂದು ಕುಳಿತಿತ್ತು.

ಸಾಂ ದೆನಿಯಲ್ಲಿ ಸ್ಯೂಜೆ ಕಟ್ಟಿಸಿದ ಪೀಠದ ಹಿಂದಿನ ಪ್ರದಕ್ಷಿಣಾ ಪಥ ಈಗಲೂ ಉಳಿದಿದೆ. ಮೇಲ್ಭಾಗವನ್ನು 1231ರಿಂದ ಮತ್ತೆ ಕಟ್ಟಲಾಯಿತು. 1793ರಲ್ಲಿ ಕ್ರಾಂತಿಕಾರಿಗಳು ರಾಜರ ಗೋರಿಗಳನ್ನು ಅಗೆದು ಹಾಕಿದರು. ಹಳೆಯ ಗಾಜುಗಳಲ್ಲಿ ಬದುಕಿ ಉಳಿದವು ಕೆಲವೇ. 827ರಲ್ಲಿ ಬಂದ ಆ ಗ್ರೀಕ್ ಹಸ್ತಪ್ರತಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ 437ನೆಯ ಸಂಖ್ಯೆಯ ಗ್ರೀಕ್ ಪ್ರತಿಯಾಗಿ ಭದ್ರವಾಗಿದೆ.